ಕಾರ್ಡೋಬಾ ನೋಡಿ ಬಂದ ಕಣ್ಣು

ಚಪ್ಪಲಿ ಹೊರಗೆ ಬಿಟ್ಟಿದ್ದೀರಿ. ಅಂಗಾಲಿಗೆ ಕಲ್ಲು ತಣ್ಣಗೆ ತಾಗುತ್ತಿದೆ. ಡಿಸೆಂಬರ್ ಕೊನೆ, ಬೆಳಗಿನ ಒಂಬತ್ತು ಗಂಟೆ. ಕಲಬುರಗಿಯಲ್ಲಿ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲುವುದು ಸುಖ ಎನಿಸುವ ತಿಂಗಳು ವರ್ಷಕ್ಕೆ ಎರಡೋ ಮೂರೋ, ಅದರಲ್ಲಿ ಇದೊಂದು. ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಈಗ ಇರುವವರು ನೀವು, ನಿಮ್ಮ ಸೋದರಮಾವ, ಮತ್ತೆ ಮೇಲೆಲ್ಲೋ ಗುಟರ್ ಗುಟರ್ ಎನ್ನುವ ಪಾರಿವಾಳಗಳು.

ಮಾಮ ಆಗಲೇ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾರೆ.

‘ನೀ ನೋಡ್ಕೊಂಡ್ ಬಾ ಅಳ್ಯಾ. ನಾ ಇಲ್ಲೇ ಕುಂದರ್ತೀನಿ. ಇದೇನ್ ನಂಗ ಹೊಸದಲ್ಲ.’

ಮಾಮ ಕಮಲಾಪುರದಿಂದ ಕಲಬುರಗಿಗೆ ಬರುವುದು ತೊಗರಿ ಮಾರಲಿಕ್ಕೆ, ದವಾಖಾನೆಗೆ, ಕೋರ್ಟಿನ ತಾರೀಖಿಗೆ. ಕೋಟೆಯ ಒಳಗೆ ಕಾಲಿಟ್ಟದ್ದು ಸಾಲಿಯಿಂದ ಮಾಸ್ತರರು ಸಾಲು ಮಾಡಿ ಕರೆದುಕೊಂಡು ಬಂದಾಗ ಎಂದು ಬರುವಾಗ ಬೈಕಿನ ಮೇಲೆ ಅವರೇ ಹೇಳಿದ್ದರು. ಊರಲ್ಲಿದ್ದವರಿಗೆ ಊರಿನ ಕೋಟೆ ಯಾವತ್ತೂ ಹೀಗೇ. ನಿಮ್ಮ ಸ್ಟುಟ್‌ಗಾರ್ಟಿನ ಜರ್ಮನ್ ಸಹೋದ್ಯೋಗಿಗಳೂ ತಮ್ಮೂರಿನ ಹಳೆ ಅರಮನೆಯೊಳಗೆ ಹೋದವರಲ್ಲ. ಅದನ್ನು ಅವರಿಗೆ ತೋರಿಸಿಕೊಂಡು ಬಂದವರು ನೀವು.

ಹೌದು, ನೀವು ಆ ಜಾತಿಯವರು. ಶುಕ್ರವಾರ ಸಂಜೆ ಆಫೀಸು ಮುಗಿಸಿ, ಬೆನ್ನಿಗೊಂದು ಚೀಲ ಏರಿಸಿ, ಅಗ್ಗದ ವಿಮಾನ ಹಿಡಿದು, ಶನಿವಾರ ಬೆಳಿಗ್ಗೆ ಇನ್ನೊಂದು ದೇಶದಲ್ಲಿ ಕಣ್ಣು ಬಿಡುವವರು. ಪ್ರಾಗ್‌ನ ಚಾರ್ಲ್ಸ್ ಸೇತುವೆ, ರೋಮಿನ ಫೋರಮ್ಮು, ಗ್ರಾನಾಡಾದ ಅಲ್‌ಹಂಬ್ರಾ ಎಲ್ಲ ಆಗಿದೆ. ಫೋನಿನಲ್ಲಿ ಸಾವಿರಗಟ್ಟಲೆ ಫೋಟೋ ಇವೆ, ತಿರುಗಿ ನೋಡಿದ್ದು ಅಷ್ಟಕ್ಕಷ್ಟೆ. ಆದರೆ ಒಂದೂರು ಮಾತ್ರ ಫೋನಿನ ಹೊರಗೂ ಉಳಿದಿದೆ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಿದ ಕಾರ್ಡೋಬಾ. ಕಲಬುರಗಿಯ ಮಸೀದಿ ಅಲ್ಲಿನ ಮಸೀದಿಯಂತೆಯೇ ಇದೆ ಎಂದು ನಾಲ್ಕನೇ ಇಯತ್ತೆಯಿಂದ ಓದಿಕೊಂಡು ಬಂದಿದ್ದೀರಿ. ಮೊದಲು ಅಲ್ಲಿಯದನ್ನು ನೋಡಿದಿರಿ, ಈಗ ಇಲ್ಲಿಯದನ್ನು. ಹುಟ್ಟಿದೂರಿಂದ ಮೂವತ್ತೈದು ಕಿಲೋಮೀಟರಿನದಕ್ಕೆ ಸ್ಪೇನ್ ಸುತ್ತಿ ಬರಬೇಕಾಯಿತು. ಇರಲಿ, ಕಮಲಾಪುರದಲ್ಲಿ ಇದೇನೂ ಅಪರೂಪದ ಕಥೆಯಲ್ಲ.

ಈಗ ತಲೆ ಎತ್ತಿ.

ಮೊದಲು ಕಾಣಬೇಕಾದದ್ದು ಇಲ್ಲಿ ಕಾಣುವುದಿಲ್ಲ. ಮಸೀದಿ ಎಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಒಂದು ಕೊಳ, ಆಚೆ ಪ್ರಾರ್ಥನೆಯ ಪಡಸಾಲೆ. ದೆಹಲಿಯಲ್ಲಿ ಹಾಗೆ, ವಿಜಯಪುರದಲ್ಲಿ ಹಾಗೆ. ಇಲ್ಲಿ ಅಂಗಳವೇ ಇಲ್ಲ. ಉದ್ದ 216 ಅಡಿ, ಅಗಲ 176 ಅಡಿ, ಅಷ್ಟಕ್ಕೂ ಸೂರು. ದಪ್ಪ ಚೌಕ ಕಂಬಗಳು ಸಾಲುಸಾಲಾಗಿ ನಿಂತಿವೆ, ಒಂದರಿಂದ ಇನ್ನೊಂದಕ್ಕೆ ಚೂಪು ಕಮಾನು ಜಿಗಿದಿದೆ, ಪ್ರತಿ ನಾಲ್ಕು ಕಂಬಗಳ ನಡುವಿನ ಚೌಕದ ಮೇಲೆ ಒಂದೊಂದು ಪುಟ್ಟ ಗುಮ್ಮಟ. ಮೂಲೆಗೊಂದರಂತೆ ನಾಲ್ಕು ದೊಡ್ಡವು. ಪಶ್ಚಿಮದಲ್ಲಿ, ಪ್ರಾರ್ಥನೆಯ ದಿಕ್ಕು ತೋರುವ ಗೂಡಾದ ಮಿಹರಾಬಿನ ಮುಂದೆ, ಎಲ್ಲಕ್ಕಿಂತ ದೊಡ್ಡ ಗುಮ್ಮಟ ತಾನೊಂದೇ ಎತ್ತರಕ್ಕೆ ಏರಿ ನಿಂತಿದೆ. ಎಲ್ಲವೂ ಬಿಳಿ ಗಾರೆ. ಬಣ್ಣವಿಲ್ಲ, ಹೂಬಳ್ಳಿಯ ಗಿಜಿಗಿಜಿ ಇಲ್ಲ. ಗಾರೆ ಎದ್ದಲ್ಲಿ ಒಳಗಿನ ಕಲ್ಲು ಕಪ್ಪಾಗಿ ಕಾಣುತ್ತದೆ.

ಎರಡು ಹೆಜ್ಜೆ ಎಡಕ್ಕೆ ಸರಿಯಿರಿ. ಇಷ್ಟು ಹೊತ್ತು ಕಂಬಗಳ ಗುಂಪಾಗಿದ್ದದ್ದು ಈಗ ಓಣಿಯಾಯಿತು. ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು, ಕೊನೆಗೆ ಹೊರಗಿನ ಬಿಸಿಲಿನ ಒಂದು ತುಂಡು. ಇನ್ನೆರಡು ಹೆಜ್ಜೆ ಸರಿದರೆ ಮೂಲೆಯಿಂದ ಮೂಲೆಗೆ ಇನ್ನೊಂದು ಓಣಿ. ಕಟ್ಟಿದವನಿಗೆ ಇದು ಗೊತ್ತಿತ್ತು. ಅವನ ಹೆಸರು ಇಲ್ಲಿಯ ಶಾಸನದಲ್ಲಿದೆ: ರಫಿ, ಶಂಸ್‌ನ ಮಗ, ಮನ್ಸೂರನ ಮೊಮ್ಮಗ. ಊರು ಇರಾನಿನ ಕಜ್ವೀನ್. ವರ್ಷ 1367. ಬಹಮನಿ ರಾಜ್ಯ ಹುಟ್ಟಿ ಆಗಿನ್ನೂ ಇಪ್ಪತ್ತು ವರ್ಷ. ಅಲಾವುದ್ದೀನ್ ಹಸನ್ 1347ರಲ್ಲಿ ದೆಹಲಿಯ ತುಘಲಕರಿಂದ ಬಿಡಿಸಿಕೊಂಡು ಕಟ್ಟಿದ ರಾಜ್ಯಕ್ಕೆ ಅವನ ಮಗ ಒಂದನೇ ಮುಹಮ್ಮದ್ ಶಾ ಸುಲ್ತಾನ. ಹೊಸ ರಾಜಧಾನಿ, ಹೊಸ ದೊರೆ, ದೂರದೂರಿಂದ ಕೆಲಸಕ್ಕೆ ಬಂದವನೊಬ್ಬ. ವೀಸಾ, ಗುತ್ತಿಗೆ ಕಾಗದ ಬಿಟ್ಟರೆ ನಿಮ್ಮದೂ ಇದೇ ಕಸುಬು.

ಈಗ ಅಂಚಿಗೆ ಬನ್ನಿ. ಕಟ್ಟಡದ ಜೀವ ಇರುವುದು ಇಲ್ಲಿ. ಮಿಹರಾಬಿನ ಗೋಡೆ ಬಿಟ್ಟು ಉಳಿದ ಮೂರು ಬದಿಗೂ ಒಂದೊಂದು ಅಗಲ ಪಡಸಾಲೆ ಸುತ್ತಿಕೊಂಡಿದೆ. ಇದರ ಮೇಲೆ ಪುಟ್ಟ ಗುಮ್ಮಟಗಳಿಲ್ಲ, ಕಮಾನು ಚಾವಣಿ. ಆ ಕಮಾನುಗಳನ್ನು ನೋಡಿ: ನಿಮ್ಮ ಸೊಂಟದ ಹತ್ತಿರದಲ್ಲೇ ಕಂಬ ಬಿಟ್ಟು ಬಾಗಲು ಶುರುಮಾಡಿ, ಅಗಲಕ್ಕೆ ಅಗಲ ಹರಡಿ, ಅವಸರವಿಲ್ಲದೆ ಮೇಲೆ ಹೋಗಿ ಸೇರುತ್ತವೆ. ಎತ್ತರಕ್ಕೆ ಆಸೆಪಟ್ಟ ಕಮಾನುಗಳನ್ನು ಯುರೋಪಿನ ಇಗರ್ಜಿಗಳಲ್ಲಿ ಬೇಕಾದಷ್ಟು ನೋಡಿದ್ದೀರಿ, ಕತ್ತು ನೋಯುವಷ್ಟು. ಅಗಲಕ್ಕೆ ಆಸೆಪಟ್ಟ ಕಮಾನು ಇದು. ಅದರ ಕೆಳಗೆ ನಿಂತರೆ ತಲೆ ತಗ್ಗಿಸಬೇಕೇನೋ ಎನಿಸಿ, ನಡುವಿಗೆ ಬಂದಾಗ ಕೈಯೆತ್ತಿದರೂ ಎಟುಕುವುದಿಲ್ಲ.

ಬೆಳಕು ಬರುವುದೂ ಇಲ್ಲಿಂದಲೇ. ಪಡಸಾಲೆಯ ಹೊರಮೈ ಪೂರ್ತಿ ತೆರೆದ ಕಮಾನುಗಳು. ಬಿಸಿಲು ಅಲ್ಲಿಂದ ಒಳಗೆ ಬಂದು, ನೆಲಕ್ಕೆ ಬಿದ್ದು, ನೆಲದಿಂದ ಎದ್ದು, ಬಿಳಿ ಗಾರೆಯ ಚಾವಣಿಗೆ ತಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ಬೆಳಕು. ಕಂಬದ ಪೂರ್ವದ ಮೈ ಹಾಲಿನ ಬಣ್ಣ, ಪಶ್ಚಿಮದ್ದು ಬೂದಿ. ಕೈಯಿಟ್ಟು ನೋಡಿ, ಒಂದು ಮೈ ಬೆಚ್ಚಗೆ, ಒಂದು ಮೈ ತಂಪು.

ಇಷ್ಟು ನೋಡಿದ ಮೇಲೆ ಕಾರ್ಡೋಬಾವನ್ನು ನೆನೆಸಿಕೊಳ್ಳಿ. ಆ ಬೆಳಿಗ್ಗೆ ಎಂಟೂವರೆಗೆ ಹೋಗಿ ನಿಂತಿದ್ದಿರಿ, ಬೆಳಗಿನ ಮೊದಲ ಒಂದು ಗಂಟೆ ಟಿಕೆಟ್ ಇಲ್ಲ ಎಂದು ಯಾರೋ ಹೇಳಿದ್ದರಿಂದ. ಮೊದಲು ಕಿತ್ತಳೆ ಮರಗಳ ಅಂಗಳ. ಅಂಗಳ! ಹೋಲಿಕೆ ಮುರಿಯುವುದು ಬಾಗಿಲಲ್ಲೇ. ಒಳಗೆ 850ಕ್ಕೂ ಹೆಚ್ಚು ಕಂಬ. ಗುಂಡಗಿನವು, ತೆಳ್ಳಗಿನವು, ಒಂದರಂತೆ ಇನ್ನೊಂದಿಲ್ಲ. ಅಮೃತಶಿಲೆ, ಗ್ರಾನೈಟ್, ಜ್ಯಾಸ್ಪರ್. ರೋಮನ್ನರ, ವಿಸಿಗಾಥರ ಹಳೆಯ ಕಟ್ಟಡಗಳಿಂದ ಕಿತ್ತು ತಂದವು. ತಂದ ಕಂಬ ಗಿಡ್ಡ, ಬೇಕಾದದ್ದು ಎತ್ತರ; ಅದಕ್ಕೇ ಕಮಾನಿನ ಮೇಲೊಂದು ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು, ಮತ್ತೆ ಬಿಳಿ. ಮೇಲೆ ಹೆಚ್ಚಿನ ಕಡೆ ಮರದ ಚಾವಣಿ. ಒಳಗೆ ಮಬ್ಬು, ಏಕೆಂದರೆ 1236ರಲ್ಲಿ ಊರು ಕ್ರೈಸ್ತ ದೊರೆಯ ಕೈಸೇರಿ ಮಸೀದಿ ಇಗರ್ಜಿಯಾದ ಮೇಲೆ ಅಂಚಿನುದ್ದಕ್ಕೂ ಪ್ರಾರ್ಥನಾ ಕೋಣೆಗಳು ಬಂದು ಅಂಗಳದ ಕಡೆಯ ಬೆಳಕೂ ಕಟ್ಟಿತು. 1523ರಿಂದ ಕಂಬಗಳ ನಟ್ಟನಡುವೆ ಒಂದು ಪೂರಾ ಕೆಥೆಡ್ರಲ್ಲೇ ಎದ್ದಿತು. ಮಸೀದಿಯನ್ನು ಮೊದಲಿಗೆ ಶುರುಮಾಡಿದ ಒಂದನೇ ಅಬ್ದುಲ್ ರಹಮಾನನೂ ದೇಶ ಬಿಟ್ಟವನೇ. 750ರಲ್ಲಿ ಸಿರಿಯಾದಲ್ಲಿ ತನ್ನ ಮನೆತನ ಕೊಲೆಯಾದಾಗ ಜೀವ ಉಳಿಸಿಕೊಂಡು ಸ್ಪೇನಿನವರೆಗೆ ಓಡಿದವನು. 785ರ ಸುಮಾರಿಗೆ ಕಟ್ಟಡ ಎದ್ದಿತು.

ಗುಂಡು ಕಂಬಕ್ಕೆ ಚೌಕ ಕಂಬ, ಮರದ ಚಾವಣಿಗೆ ಗುಮ್ಮಟ, ಮಬ್ಬಿಗೆ ಬೆಳಕು, ಅಂಗಳಕ್ಕೆ ಅಂಗಳವಿಲ್ಲದ್ದು. ಇನ್ನು ಹೋಲಿಕೆ ಎಲ್ಲಿ ಉಳಿಯಿತು? ಕಂಬ ಬಹಳ ಇವೆ ಎಂಬುದರಲ್ಲಿ. ಅಷ್ಟೇ ಸಾಕಾದರೆ ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ ಕಾರ್ಡೋಬಾ ಆದೀತು. 1876ರಲ್ಲಿ ಜೇಮ್ಸ್ ಫರ್ಗ್ಯುಸನ್ ಭಾರತದ ವಾಸ್ತುಶಿಲ್ಪದ ಮೇಲೆ ದೊಡ್ಡ ಪುಸ್ತಕ ಬರೆದಾಗ ಈ ಮಸೀದಿಯಲ್ಲಿ ಅವನ ಕಣ್ಣಿಗೆ ಮುಖ್ಯವಾಗಿ ಬಿದ್ದದ್ದು ಪೂರ್ತಿ ಮುಚ್ಚಿದ ಸೂರು ಮತ್ತು ಬದಿಯಿಂದ ಬರುವ ಬೆಳಕು. ಸರಿಯಾಗಿಯೇ ನೋಡಿದ್ದ. ಅವನ ಹಿಂದೆ ಬಂದ ಕೈಪಿಡಿಗಳು ನೋಡುವುದನ್ನು ಬಿಟ್ಟು ಸ್ಪೇನಿನ ಹೆಸರನ್ನಷ್ಟೇ ಹಿಡಿದುಕೊಂಡವು. ನನ್ನ ಅನುಮಾನವಿಷ್ಟೆ: ಈ ಹೆಸರು ಕಲಬುರಗಿಯನ್ನು ಹೊಗಳಲಿಕ್ಕೆ ಬಂದದ್ದಾದರೂ ಮಾಡಿದ್ದು ಉಲ್ಟಾ ಕೆಲಸ. ಬಂದವರು ಕೆಂಪುಬಿಳಿ ಪಟ್ಟೆ ಹುಡುಕುತ್ತಾರೆ, ಸಿಗದೆ ಐದು ನಿಮಿಷಕ್ಕೆ ಹೊರಡುತ್ತಾರೆ.

‘ಅಲ್ಲಿ ಒಳಗ್ ಹೋಗ್ಲಾಕ ಎಷ್ಟ್ ತಗೋತಾರ?’ ಮಾಮ ಕೂತಲ್ಲಿಂದಲೇ ಕೇಳುತ್ತಾರೆ. ದನಿ ಕಮಾನುಗಳೊಳಗೆ ತಿರುಗಿ ತಡವಾಗಿ ಬರುತ್ತದೆ.

‘ನಾ ಹೋದಾಗ ಪುಕ್ಕಟೆ ಮಾಮಾ. ಮುಂಜಾನೆ ಒಂದ್ ತಾಸು.’

‘ಹಂಗಾದ್ರ ನಮ್ದೇ ಛಲೋ. ಇಡೀ ದಿನಾ ಪುಕ್ಕಟೆ.’

ಹೊರಗೆ ಕೋಟೆ. ದೊಡ್ಡ ಬಯಲು, ಜಾಲಿ, ಓಡಾಡುವ ಆಡುಗಳು, ಒಂದು ಬದಿಗೆ ಮನೆಗಳು. ಇಲ್ಲಿ ಜನ ಇದ್ದಾರೆ. ಒಣಗಲು ಹಾಕಿದ ಬಟ್ಟೆ, ಟಿವಿಯ ತಟ್ಟೆ, ಗೋಡೆಗೆ ಒರಗಿಸಿದ ಸೈಕಲ್ಲು. ಪುರಾತತ್ವ ಇಲಾಖೆಯ ಫಲಕ ಒಂದು ಕಡೆ, ಅದರ ನೆರಳಲ್ಲಿ ಗೋಲಿಯಾಡುವ ಹುಡುಗರು ಇನ್ನೊಂದು ಕಡೆ. ನಡುವೆ ಒಂಟಿಯಾಗಿ ನಿಂತಿರುವುದು ಬಾಲಾ ಹಿಸಾರ್. ಕಿಟಕಿ ಇಲ್ಲದ, ಮೂಲೆ ಗುಂಡಾದ, ಕಲ್ಲಿನದೇ ಒಂದು ಗುಡ್ಡೆ. ವಾಸಕ್ಕಂತೂ ಅಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದರೆ ತೋಪು, ತೋಪಿನಾಚೆ ಊರು. ಬೇರೊಂದು ಬುರುಜಿನ ಮೇಲೆ ಬಾರಾ ಗಜಿ ತೋಪು ಮಲಗಿದೆ. 29 ಅಡಿ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು ಊರಿನ ಹೆಮ್ಮೆ. ಹುಡುಗರು ಅದರ ಮೇಲೆ ಕುದುರೆ ಸವಾರಿ ಮಾಡಿ ಬೆನ್ನು ನುಣ್ಣಗಾಗಿಸಿದ್ದಾರೆ. ತೋಪಿನ ಉದ್ದ ನನಗೆ ಅಷ್ಟೇನೂ ಕುತೂಹಲದ್ದಲ್ಲ. ಕಂದಕದ ಪಕ್ಕದ ಎರಡು ಸುತ್ತಿನ ಗೋಡೆ ನೋಡಿಕೊಂಡು ಹೊರಬೀಳೋಣ, ಹೊಟ್ಟೆ ಹಸಿದಿದೆ.

ಸೂಪರ್ ಮಾರ್ಕೆಟ್ ಕಡೆ ಒಂದು ಚಿಕ್ಕ ಖಾನಾವಳಿ. ಚುರುಮುರಿ ನೆನೆಸಿ ಹಿಂಡಿ, ಒಗ್ಗರಣೆಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದ ಸುಸಲಾ, ಪಕ್ಕಕ್ಕೆ ಬಿಸಿ ಮಿರ್ಚಿ. ಮೊದಲ ಕಚ್ಚಿಗೇ ಕಣ್ಣಲ್ಲಿ ನೀರು. ವರ್ಷಗಟ್ಟಲೆ ಬ್ರೆಡ್ಡು, ಚೀಸು ತಿಂದ ನಾಲಿಗೆ ಇದು. ಮಾಮ ಎರಡನೇ ಪ್ಲೇಟು ಹೇಳಿಯಾಗಿದೆ.

ಬೈಕು ಪೂರ್ವಕ್ಕೆ. ಹಫ್ತ್ ಗುಂಬಜ್. ಏಳು ಗೋರಿಗಳ ಬಯಲು, ಸುತ್ತ ಈಗ ಮನೆಗಳು. ಸಾಲಿನ ಒಂದು ತುದಿಯಿಂದ ನಡೆಯುತ್ತ ಬಂದರೆ ಒಂದು ರಾಜಮನೆತನ ಈ ನೆಲಕ್ಕೆ ಒಗ್ಗಿಕೊಂಡದ್ದು ಕಾಣುತ್ತದೆ. ಹಳೆಯ ಗೋರಿಗಳ ಗೋಡೆ ಒಳಮುಖವಾಗಿ ವಾಲಿವೆ, ಅಲಂಕಾರ ಕಮ್ಮಿ, ಗುಮ್ಮಟ ಚಪ್ಪಟೆ. ಅವನ್ನು ಎತ್ತಿ ಹಾಗೇ ದೆಹಲಿಯ ತುಘಲಕಾಬಾದಿನಲ್ಲಿಟ್ಟರೂ ಯಾರೂ ಹೊರಗಿನವೆನ್ನಲಾರರು. ಬಿಟ್ಟುಬಂದ ಊರನ್ನು ಕೈಬಿಡಲಾರದೆ ಕಟ್ಟಿದವು. ಅಲ್ಲಿಂದ ನೇರ ಫಿರೋಜ್ ಶಾನ ಗೋರಿಗೆ ಬನ್ನಿ. 1422ರದ್ದು. ಎರಡು ಕೋಣೆ, ಎರಡು ಗುಮ್ಮಟ. ಹೊರಗೋಡೆ ಎರಡು ಅಂತಸ್ತಾಗಿ ಕಮಾನು ಹೊತ್ತಿದೆ, ಕಮಾನಿನೊಳಗೆ ಜಾಲಂಧ್ರ.

ಬಾಗಿಲ ಹತ್ತಿರ ಹೋಗಿ. ಇನ್ನೂ ಹತ್ತಿರ. ನೆತ್ತಿಯ ಮೇಲೆ ಚಾಚಿಕೊಂಡ ಕಲ್ಲಿನ ಛಜ್ಜಾ ಇದೆಯಲ್ಲ, ಅದನ್ನು ಹೊತ್ತಿರುವ ಬೋದಿಗೆಗಳನ್ನು ನೋಡಿ. ಕಪ್ಪು ಕಲ್ಲು, ನಯಗೊಳಿಸಿದ್ದು, ಮಡಿಕೆ ಮಡಿಕೆಯಾಗಿ ಕೆಳಗಿಳಿದು ತುದಿಯಲ್ಲಿ ಮೊಗ್ಗಾಗಿದೆ. ಇದನ್ನು ಕಜ್ವೀನಿನವನು ಕಡೆದದ್ದಲ್ಲ. ಇದು ನಮ್ಮ ಗುಡಿ ಕಟ್ಟುವವರ ಉಳಿ. ಒಳಗೆ ಹೂಬಳ್ಳಿಯ ಗಾರೆ ಕೆಲಸ ಪರ್ಷಿಯಾದ್ದು, ಹೊರಗೆ ನೆರಳು ಕೊಡುವುದು ಇಲ್ಲಿಯದ್ದು.

ಆ ಫಿರೋಜನೂ ಕುತೂಹಲದ ಮನುಷ್ಯ. 1397ರಿಂದ 1422ರವರೆಗೆ ಆಳಿದ. ವಿಜಯಪುರದಲ್ಲಿ ಕೂತು ಇತಿಹಾಸ ಬರೆದ ಫರಿಷ್ತಾನ ಪ್ರಕಾರ ಅವನು ವರ್ಷವರ್ಷ ಗೋವಾ, ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದ. ಸರಕಿಗಷ್ಟೇ ಅಲ್ಲ, ಹೊರದೇಶದ ವಿದ್ವಾಂಸರನ್ನು ಕರೆತರಲಿಕ್ಕೆ. ಬಂದ ಪರದೇಶದವರನ್ನು ಆಸ್ಥಾನದಲ್ಲಿ ಆಫಾಕಿಗಳು ಎನ್ನುತ್ತಿದ್ದರು, ಮೊದಲೇ ಬೇರುಬಿಟ್ಟವರು ದಖ್ಖನಿಗಳು. ಒಳ್ಳೆ ಒಳ್ಳೆ ಹುದ್ದೆ ಹೊಸಬರಿಗೆ ಹೋಗುತ್ತದೆಂದು ಹಳಬರಿಗೆ ಸಿಟ್ಟು. ಈ ಜಗಳ ಮುಂದೆ ಎಷ್ಟು ಬೆಳೆಯಿತೆಂದರೆ ಬಹಮನಿ ರಾಜ್ಯ ಒಡೆದದ್ದಕ್ಕೆ ಅದೂ ಒಂದು ಕಾರಣ. ಸ್ಟುಟ್‌ಗಾರ್ಟಿನ ಕ್ಯಾಂಟೀನಿನಲ್ಲಿ ನೀವು ಇದರ ಸಣ್ಣ ಆವೃತ್ತಿಯನ್ನು ಕೇಳಿದ್ದೀರಿ, ಜರ್ಮನ್ ಅರ್ಥವಾಗದವರಂತೆ ತಟ್ಟೆ ನೋಡುತ್ತ.

ಫಿರೋಜನಿಗೆ ಊರಾಚೆಯೂ ಒಂದು ಊರು ಬೇಕೆನಿಸಿತು. ಭೀಮಾ ನದಿಯ ದಂಡೆಯಲ್ಲಿ, ಇಲ್ಲಿಂದ ದಕ್ಷಿಣಕ್ಕೆ, 1400ರ ಸುಮಾರಿಗೆ ಫಿರೋಜಾಬಾದ್ ಕಟ್ಟಿಸಿದ. ಕೋಟೆಗೋಡೆ, ಹೆಬ್ಬಾಗಿಲು, ಹಮಾಮು, ಅರಮನೆ. ಕೆಲವೇ ದಶಕ ನಡೆಯಿತು, ಆಮೇಲೆ ಬಿಕೋ ಎಂದಿತು. ಈ ಮಾತು ಕೇಳಿದ ಕೂಡಲೇ ನಿಮ್ಮ ತಲೆಯಲ್ಲಿ ಇನ್ನೊಂದು ಜಾಗ ಎದ್ದು ನಿಲ್ಲಬೇಕು. ಕಾರ್ಡೋಬಾದಿಂದ ಬಸ್ಸಿನಲ್ಲಿ ಹೋಗಿದ್ದಿರಲ್ಲ, ಮದೀನಾ ಅಝಹಾರಾ. 10ನೇ ಶತಮಾನದಲ್ಲಿ ಮೂರನೇ ಅಬ್ದುಲ್ ರಹಮಾನ ಊರಿನ ಹೊರಗೆ ಗುಡ್ಡದ ಮಗ್ಗುಲಲ್ಲಿ ಕಟ್ಟಿಸಿ, ಮುಕ್ಕಾಲು ಶತಮಾನದೊಳಗೆ ಲೂಟಿಯಾಗಿ ಹಾಳುಬಿದ್ದದ್ದು. ಅದನ್ನು 1911ರಿಂದ ಅಗೆಯುತ್ತ ಬಂದು, ಬಿದ್ದ ಚೂರುಗಳನ್ನು ಒಂದೊಂದಾಗಿ ಜೋಡಿಸಿ, 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದುಗಳ ಸುಲ್ತಾನರ ಕಟ್ಟಡಗಳು ಅದೇ ಪಟ್ಟಿಯ ಕಾಯುವ ಸಾಲಿಗೆ ಸೇರಿದ್ದು 2014ರಲ್ಲಿ. ಕಾರ್ಡೋಬಾವನ್ನು ಕಲಬುರಗಿಯ ಪಕ್ಕ ಇಡಲೇಬೇಕೆಂದರೆ ಮಸೀದಿ ಬಿಟ್ಟು ಇವೆರಡು ಹಾಳೂರುಗಳನ್ನು ಇಡಿ, ಮಾತಾಡಲು ಬೇಕಾದಷ್ಟಿದೆ.

‘ಫಿರೋಜಾಬಾದ್ ಎಲ್ಲದ ಮಾಮಾ?’

‘ಜೇವರ್ಗಿ ಕಡಿ. ಅಲ್ಲೇನದ, ಬರೇ ಹೊಲ.’

ಮಧ್ಯಾಹ್ನ ದರ್ಗಾ. ಸೂಫಿ ಸಂತ ಬಂದೇ ನವಾಜ್ ಗೇಸುದರಾಜ್ ಅವರದು. ಅವರೂ ವಲಸೆ ಬಂದವರೇ, ಅದೂ ಇಳಿವಯಸ್ಸಿನಲ್ಲಿ. ಹುಟ್ಟಿದ್ದು 1321ರಲ್ಲಿ ದೆಹಲಿಯಲ್ಲಿ. ತೈಮೂರ್ ದೆಹಲಿಗೆ ನುಗ್ಗಿದ ದಿನಗಳಲ್ಲಿ ಊರು ಬಿಟ್ಟು, ಸುತ್ತಿ ಬಳಸಿ ಫಿರೋಜನ ಕಾಲದಲ್ಲಿ ಇಲ್ಲಿಗೆ ಮುಟ್ಟಿದರು. ಸುಲ್ತಾನ ಮೊದಮೊದಲು ಆದರಿಸಿದ, ಆಮೇಲೆ ಮನಸ್ಸು ಮುರಿಯಿತು, ಕೋಟೆಯ ಹತ್ತಿರವಿದ್ದ ಅವರ ಮಠ, ಖಾನ್ಕಾ, ದೂರ ಹೋಯಿತು. ಗುರುವಿನ ಒಲವು ಸುಲ್ತಾನನ ತಮ್ಮ ಅಹ್ಮದನ ಮೇಲೆ. ಗುರು, ಸುಲ್ತಾನ ಇಬ್ಬರೂ ತೀರಿಕೊಂಡದ್ದು 1422ರಲ್ಲೇ. ಸಿಂಹಾಸನಕ್ಕೆ ಬಂದ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಆರು ನೂರು ವರ್ಷ ಕಳೆದು ನೋಡಿದರೆ ಸುಲ್ತಾನನ ಗೋರಿಯಲ್ಲಿ ಬಾವಲಿ, ಸಂತನ ಗೋರಿಯ ಮುಂದೆ ಕಾಲಿಡಲು ಜಾಗವಿಲ್ಲ. ಮಲ್ಲಿಗೆ, ಗುಲಾಬಿ, ಲೋಬಾನ. ಬಳೆ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬಳು ಮೊಮ್ಮಗುವಿಗೆ ತಾಯಿತ ಕಟ್ಟಿಸಿಕೊಂಡು ಹೊರಬರುತ್ತಿದ್ದಾಳೆ. ಮಾಮನೂ ತಲೆಗೆ ಕರವಸ್ತ್ರ ಹಾಕಿಕೊಂಡು ಒಳಹೋಗಿ ಸಕ್ಕರೆ ಓದಿಸಿಕೊಂಡು ಬಂದರು. ಇದಕ್ಕೆ ಮಾತ್ರ ‘ಇದೇನ್ ನಂಗ ಹೊಸದಲ್ಲ’ ಎನ್ನಲಿಲ್ಲ.

ಆವರಣದಲ್ಲಿ ಒಂದು ಭಾರಿ ಕಮಾನು ಇದೆ, ಎರಡು ಗೋಪುರಗಳ ನಡುವೆ. ಆದಿಲ್‌ಶಾಹಿ ಕಾಲದ್ದು. ಅದರ ಹೆಗಲಿನ ವೃತ್ತಗಳಲ್ಲಿ ಸಿಂಹ, ಆನೆಗಳ ಉಬ್ಬುಚಿತ್ರ. ಕತ್ತೆತ್ತಿ ಹುಡುಕಿ, ಕಾಣುತ್ತವೆ. ನಿಮ್ಮ ಪಕ್ಕದಲ್ಲೇ ನಿಂತಿದ್ದ ಹೈದರಾಬಾದಿನ ಕುಟುಂಬವೊಂದು ನೀವು ಏನು ನೋಡುತ್ತಿದ್ದೀರೆಂದು ತಾನೂ ಕತ್ತೆತ್ತಿತು.

ರಿಂಗ್ ರೋಡ್ ದಾಟಿ ಹುಮನಾಬಾದ್ ರಸ್ತೆ. ಕಪನೂರಿನ ಕಾರ್ಖಾನೆಗಳು ಮುಗಿಯುತ್ತಲೇ ಎರೆಭೂಮಿ. ತೊಗರಿ ಕಟಾವು ನಡೆದಿದೆ. ಕೊಯ್ದ ಗಿಡಗಳನ್ನು ಹೊಲದಲ್ಲೇ ಗೂಡು ಹಾಕಿದ್ದಾರೆ. ಕೆಲವು ಕಡೆ ರಾಶಿ ಯಂತ್ರ ಧೂಳೆಬ್ಬಿಸುತ್ತಿದೆ. ಬೈಕಿನ ಹಿಂದೆ ಕೂತ ನಿಮ್ಮ ಮುಖಕ್ಕೆಲ್ಲ ತೊಗರಿ ಹೊಟ್ಟು. ಮಾಮ ಗಾಳಿಗೆ ವಿರುದ್ಧವಾಗಿ ಕೂಗಿ ಈ ಸಲದ ಧಾರಣಿ ಹೇಳುತ್ತಿದ್ದಾರೆ, ಅರ್ಧ ಕೇಳಿಸುತ್ತಿಲ್ಲ.

ಈ ಸೀಮೆಗೆ ನಿಮ್ಮಂತೆಯೇ ಪರದೇಶ ಸುತ್ತುವ ಒಬ್ಬ ಯುರೋಪಿನವನು ಬಂದಿದ್ದ. ಅಫನಾಸಿ ನಿಕಿತಿನ್, ರಷ್ಯಾದ ತ್ವೇರ್ ಊರಿನ ವ್ಯಾಪಾರಿ. 1469ರ ಸುಮಾರಿಗೆ ಬಹಮನಿಗಳ ನಾಡಿಗೆ ಇಳಿದ. ವಾಸ್ಕೋ ಡ ಗಾಮಾ ಬರಲು ಇನ್ನೂ ಮೂರು ದಶಕ ಬಾಕಿ. ಮಾರಲು ತಂದ ಒಂದೇ ಒಂದು ಗಂಡುಕುದುರೆಯನ್ನು ಜುನ್ನಾರಿನಲ್ಲಿ ಅಲ್ಲಿನ ಖಾನ ಕಸಿದುಕೊಂಡು, ಮತ ಬದಲಿಸಿದರೆ ಕೊಡುತ್ತೇನೆಂದ. ಹೇಗೋ ಬಿಡಿಸಿಕೊಂಡು ಬೀದರಕ್ಕೆ ಬಂದು ಮಾರಿದ. ಅವನ ಬರಹದಲ್ಲಿ ಕಲಬುರಗಿಯ ಹೆಸರಿದೆ. ಆಳಂದದ ಜಾತ್ರೆಯ ವಿಷಯವಂತೂ ಬಾಯಿ ಚಪ್ಪರಿಸಿ ಬರೆದಿದ್ದಾನೆ: ಹತ್ತು ದಿನದ ಸಂತೆ, ಇಪ್ಪತ್ತು ಸಾವಿರ ಕುದುರೆ. ಇಲ್ಲಿಯ ಜನ ಅವನನ್ನು ನೋಡಲು ಗುಂಪುಗೂಡುತ್ತಿದ್ದರಂತೆ, ಬಿಳಿ ಚರ್ಮದ ವಿಚಿತ್ರಕ್ಕೆ. ಹಬ್ಬ ಯಾವ ದಿನ, ಉಪವಾಸ ಯಾವ ದಿನ ಎಂಬ ತನ್ನೂರಿನ ಲೆಕ್ಕ ತಪ್ಪಿಹೋಗಿ ಒದ್ದಾಡಿದ. ದೀಪಾವಳಿ ದಿನ ರಜೆ ಸಿಗದೆ ವಿಡಿಯೋ ಕಾಲಿನಲ್ಲಿ ಆರತಿ ನೋಡುವ ನಿಮಗೆ ಆ ಭಾಗ ಬೇಗ ತಲುಪುತ್ತದೆ. ತ್ವೇರ್ ಮುಟ್ಟುವ ಮೊದಲೇ ದಾರಿಯಲ್ಲಿ ಸತ್ತ.

ದಾರಿಯಲ್ಲೇ ಹೊಳಕುಂದಾ. ಬೈಕ್ ನಿಲ್ಲಿಸಲು ಹೇಳಿ. ಒಂದೇ ಆವರಣದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪು; ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. ಗೇಟಿಲ್ಲ, ಗದ್ದಲವಿಲ್ಲ, ಒಂದು ಎಮ್ಮೆ ಇದೆ. ಚಿಕ್ಕಂದಿನಲ್ಲಿ ಕೆಂಪು ಬಸ್ಸಿನ ಕಿಟಕಿಯಿಂದ ಪ್ರತಿ ಸಲ ಕಂಡಿದ್ದರೂ ಇಳಿದವರಲ್ಲ ನೀವು. ಇಂಥದ್ದೊಂದು ಟಸ್ಕನಿಯ ರಸ್ತೆ ಬದಿಗೆ ಇದ್ದಿದ್ದರೆ ಪಾರ್ಕಿಂಗ್‌ಗೆ ಎರಡು ಯೂರೋ ಕೊಟ್ಟು ಇಳಿಯುತ್ತಿದ್ದಿರಿ. ಕಪ್ಪು ಕಲ್ಲಿನ ಚೌಕಟ್ಟು ಮುಟ್ಟಿ ನೋಡಿ. ಬೆಳಿಗ್ಗೆ ನೋಡಿದ ಹಫ್ತ್ ಗುಂಬಜಿನ ಕೈಯೇ ಇಲ್ಲೂ ಆಡಿದೆಯೇನೋ ಎನಿಸುತ್ತದೆ. ಮಾಮನೂ ಇಳಿದು ಒಂದು ಸುತ್ತು ಬಂದರು. ಗುಮ್ಮಟದ ಕೆಳಗೆ ನಿಂತು ‘ಹೋ’ ಎಂದು ಕೂಗಿ, ದನಿ ತಿರುಗಿ ಬಂದಾಗ ನಕ್ಕರು.

ಕಮಲಾಪುರ ಹತ್ತಿರವಾದಂತೆ ನೆಲ ಏರಿಳಿಯುತ್ತದೆ, ಎರೆ ಹಿಂದೆ ಉಳಿಯುತ್ತದೆ. ಕಣಿವೆಯಲ್ಲಿ ಬಾಳೆ. ತಾಲ್ಲೂಕು ಕೇಂದ್ರವಾಗಿ ಬೋರ್ಡುಗಳು ದೊಡ್ಡದಾಗಿವೆಯೇ ಹೊರತು ಬಸ್ ನಿಲ್ದಾಣದ ಹತ್ತಿರದ ಹಣ್ಣಿನ ಬುಟ್ಟಿಗಳು ಇದ್ದಲ್ಲೇ ಇವೆ. ಕಮಲಾಪುರದ ಕೆಂಪು ಬಾಳೆ, ಜಿಐ ಟ್ಯಾಗ್ ಪಡೆದದ್ದು. ರಾಜನಾಳ, ನವನಿಹಾಳ ಕಡೆಯ ತೋಟಗಳಿಂದ ಬರುತ್ತದೆ. ಗಿಡ ಎತ್ತರ, ಗಾಳಿಗೆ ಊರೆಗೋಲು ಬೇಕು, ಗೊನೆ ಕೈಗೆ ಬರಲು ಒಂದೂವರೆ ವರ್ಷ. ಅಷ್ಟರಲ್ಲಿ ಬೇರೆ ಬಾಳೆ ಕಟಾವಾಗಿ ಕೂಳೆಯೂ ಅರ್ಧಕ್ಕೆ ಬಂದಿರುತ್ತದೆ. ಬೆಲೆ ದುಬಾರಿ ಯಾಕೆಂದು ಕೇಳುವವರಿಗೆ ಇದೇ ಉತ್ತರ. ತೋಟಗಳು ಕಮ್ಮಿಯಾಗುತ್ತಿರುವುದಕ್ಕೂ ಇದೇ.

ಬುಟ್ಟಿಯ ಮುಂದೆ ಕೂತ ಅಕ್ಕ ನಿಮ್ಮ ಬೂಟು ನೋಡಿ ಬೆಲೆ ಹೇಳುತ್ತಾಳೆ.

‘ಅವ ನಮ್ಮೂರಾಂವೇ ಇದ್ದಾನ ಬೇ,’ ಮಾಮನ ತಕರಾರು.

‘ನಿಮ್ಮೂರಾಂವ ಆದ್ರ ಹಣ್ಣಿನ ರೇಟ್ ಗೊತ್ತಿರಬೇಕಲ್ರೀ,’ ಅಕ್ಕ ಸೋಲುವುದಿಲ್ಲ.

ಒಂದನ್ನು ಸುಲಿಯಿರಿ. ಸಿಪ್ಪೆ ದಪ್ಪ, ಹೊರಗೆ ಕೆಂಪು ಕಂದಿ ಮಾಗಿದ್ದು, ಒಳಮೈ ಬೆಳ್ಳಗೆ. ಹಣ್ಣು ಗುಂಡು, ಕೆನೆಗೆ ಚೂರು ಕೇಸರಿ ಬೆರೆತ ಬಣ್ಣ. ಒಂದು ತಿಂದರೆ ಊಟದ ಹಸಿವು ಹೋಗುತ್ತದೆ. ಸ್ಟುಟ್‌ಗಾರ್ಟಿನ ಅಂಗಡಿಯಲ್ಲೂ ಕೆಂಪು ಬಾಳೆ ಸಿಗುತ್ತದೆ, ಇಕ್ವಡಾರಿನದು, ಪ್ಲಾಸ್ಟಿಕ್ಕು ಸುತ್ತಿದ್ದು, ಕಾಯಿಯಾಗಿದ್ದಾಗಲೇ ಕಿತ್ತು ಹಡಗಿಗೆ ಹಾಕಿದ್ದು. ಬಣ್ಣ ಅದೇ. ಉಳಿದದ್ದನ್ನು ನಾಲಿಗೆ ಒಪ್ಪಲಿಲ್ಲ.

ಮನೆ ಕಟ್ಟೆಯ ಮೇಲೆ ಚಹಾ. ಮಾಮ ಈಗ ಅವ್ವನಿಗೆ ಮಸೀದಿಯ ವರದಿ ಒಪ್ಪಿಸುತ್ತಿದ್ದಾರೆ: ಒಳಗೆ ಎಷ್ಟು ತಂಪು, ಕಮಾನು ಎಷ್ಟು ಅಗಲ, ಬೆಳಕು ಹ್ಯಾಗೆ ನೆಲದಿಂದ ಏಳುತ್ತದೆ. ಅಂದರೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದೆಲ್ಲ ನಾಟಕ. ಸ್ಪೇನಿನಲ್ಲಿರುವುದು ಬೇರೆ ತರಹದ್ದು, ಅದಕ್ಕೆ ಅಂಗಳ ಅದ, ನಮ್ದಕ್ಕಿಲ್ಲ ಎಂದೂ ಸೇರಿಸಿದರು, ತಾವೇ ಹೋಗಿ ಬಂದವರಂತೆ. ನೀವು ಫಿರೋಜಾಬಾದಿನ ಮಾತೆತ್ತುತ್ತೀರಿ. ನಾಳೆ ಬೆಳಿಗ್ಗೆ ಆರಕ್ಕೆ ಬಿಟ್ಟರೆ ಬಿಸಿಲೇರುವುದರೊಳಗೆ ಭೀಮಾ ದಂಡೆ.

‘ನಾಳಿ ಎಲ್ಲಿಗೂ ಇಲ್ಲ,’ ಅವ್ವ ಒಳಗಿಂದಲೇ ಹೇಳುತ್ತಾಳೆ. ‘ನಾಳಿ ಎಳ್ಳಮಾಸಿ. ಹೊಲಕ್ಕ ಚರಗಾ ಚೆಲ್ಲಾಕ ಹೋಗಬೇಕು. ನಿಮ್ ಹಾಳೂರು ನಾಡದ ನೋಡ್ರಿ, ಅದೇನ್ ಓಡಿ ಹೋಗಂಗಿಲ್ಲ. ಈಗ ಭಜ್ಜಿಗಿ ಕಾಯಿಪಲ್ಯ ಬೇಕು. ಕಡ್ಲಿ, ಅವರಿ, ಹುಣಸಿ ಚಿಗರು, ಮೆಂತೆ. ಅಂಗಡಿ ಮುಚ್ಚೂದ್ರಾಗ ಇಬ್ರೂ ಹೋಗಿ ತರ್ರಿ.’

ಮಾಮ ಬೈಕಿನ ಕೀಲಿ ನಿಮ್ಮ ಕೈಗೆ ಕೊಡುತ್ತಾರೆ. ಜರ್ಮನಿಯಲ್ಲಿ ಬಲಗಡೆ ಓಡಿಸಿ ರೂಢಿಯಾದವನು, ಎಡಕ್ಕೇ ಇರು ಎಂದು ಹಿಂದೆ ಕೂತು ಎರಡು ಸಲ ಎಚ್ಚರಿಸುತ್ತಾರೆ.